ಕನ್ಯಾಕುಮಾರಿಯ ತಿರುವಳ್ಳುವರ್ ಪ್ರತಿಮೆ ಸರಿಯಾಗಿ 133 ಅಡಿಯೇ ಯಾಕಿದೆ?

ಅವರು ಬರೆದ ತಮಿಳು ಗ್ರಂಥ ತಿರುಕ್ಕುರಳ್‌ನಲ್ಲಿ 133 ಅಧ್ಯಾಯಗಳಿವೆ, ಅದಕ್ಕೇ.

ಅಷ್ಟಕ್ಕೇ ಮುಗಿಯಲ್ಲ. ಪ್ರತಿಮೆ ನಿಂತಿರುವ ಪೀಠವನ್ನು ಬೇರೆಯಾಗಿ ಅಳೆದರೆ 38 ಅಡಿ. ಕುರಳ್‌ನ ಮೊದಲ ಭಾಗ 'ಅರಂ', ಅಂದರೆ ಧರ್ಮ. ಅದರಲ್ಲಿರುವುದೂ 38 ಅಧ್ಯಾಯ. ಅದರ ಮೇಲಿನ ಮೂರ್ತಿ 95 ಅಡಿ. ಅದು 'ಪೊರುಳ್' (ಅರ್ಥ) ಭಾಗದ 70 ಮತ್ತು 'ಇನ್ಬಂ' (ಕಾಮ) ಭಾಗದ 25 ಅಧ್ಯಾಯಗಳ ಲೆಕ್ಕ. ಧರ್ಮವೇ ಬುನಾದಿ, ಉಳಿದೆರಡು ಅದರ ಮೇಲೆ. ಕಲ್ಲಿನಲ್ಲೇ ಇದನ್ನು ಹೇಳಿದ್ದಾರಲ್ಲ, ನನಗೆ ತುಂಬಾ ಇಷ್ಟವಾದದ್ದು ಇದೇ.

ಹತ್ತಿರ ಹೋದಾಗ ಬಲಗೈ ನೋಡಿ. ಮೂರು ಬೆರಳು ಮೇಲೆತ್ತಿದ್ದಾರೆ, ಅದೂ ಈ ಮೂರು ಭಾಗಗಳ ಗುರುತೇ. ಸೊಂಟ ಸ್ವಲ್ಪ ಬಳುಕಿದೆ. ಹಾಗಾಗಿ ಅಷ್ಟು ದೊಡ್ಡ ಕಲ್ಲಿನ ಮೂರ್ತಿಯಾದರೂ ಬಿಗಿಯಾಗಿ ನಿಂತಂತೆ ಕಾಣುವುದಿಲ್ಲ.

ಶಿಲ್ಪಿ ಗಣಪತಿ ಸ್ಥಪತಿ. ಅನಾವರಣವಾದದ್ದು 2000ದ ಜನವರಿ 1ರಂದು. 2004ರ ಸುನಾಮಿ ಅಲೆಗಳು ಬಡಿದರೂ ಪ್ರತಿಮೆ ಅಲುಗಲಿಲ್ಲ. ಈಗ ವಿವೇಕಾನಂದ ಬಂಡೆಯಿಂದ ಗಾಜಿನ ಸೇತುವೆ ಮೇಲೆ ನಡೆದೇ ಅಲ್ಲಿಗೆ ಹೋಗಬಹುದು.

ಅಷ್ಟು ದೂರ ಹೋಗಲು ಆಗದಿದ್ದರೆ ಬೆಂಗಳೂರಿನ ಹಲಸೂರು ಕೆರೆ ಹತ್ತಿರವೂ ಒಬ್ಬ ವಳ್ಳುವರ್ ಇದ್ದಾರೆ. 2009ರಲ್ಲಿ ಅದು ಅನಾವರಣವಾದ ಕೆಲವೇ ದಿನಗಳಲ್ಲಿ ಚೆನ್ನೈನಲ್ಲಿ ನಮ್ಮ ಸರ್ವಜ್ಞನ ಪ್ರತಿಮೆಯೂ ಅನಾವರಣವಾಯಿತು.