ಪ್ರತಿ: ಲೆಕ್ಕದಲ್ಲಿ ಬೇಕಾದ ಸಂಖ್ಯೆಯೇ ಇಲ್ಲ, ಮಗಳಿಗೆ ಹೇಗೆ ಹೇಳಿಕೊಡಲಿ?

ನಿಮ್ಮ ಮಗಳ ಎರಡು ಲೆಕ್ಕಗಳಲ್ಲಿ ತೊಗರಿಯದರಲ್ಲಿ ಮಾತ್ರ ಮಾಹಿತಿ ಬಿಟ್ಟುಹೋಗಿದೆ. ಬಸ್ಸಿನ ಲೆಕ್ಕ ಸರಿಯಾಗಿಯೇ ಇದೆ.

ಮೊದಲು ಬಸ್ಸು. ಬೀದರಿನಿಂದ ಕಲಬುರಗಿಗೆ ಗಂಟೆಗೆ 40 ಕಿ.ಮೀ., ವಾಪಸ್ ಬರುವಾಗ 60, ಸರಾಸರಿ ವೇಗ ಎಷ್ಟು? ದೂರ ಕೊಟ್ಟಿಲ್ಲ ಅಲ್ವಾ, ನೀವೇ ಒಂದು ಇಟ್ಟುಕೊಳ್ಳಿ. 120 ಇಟ್ಟರೆ ಭಾಗಾಕಾರ ಸಲೀಸು. ಹೋಗಲು 3 ಗಂಟೆ, ಬರಲು 2. ಒಟ್ಟು 240 ಕಿ.ಮೀ.ಗೆ 5 ಗಂಟೆ, ಅಂದರೆ 48. ಈಗ ದೂರವನ್ನು 240 ಮಾಡಿ ಅವಳ ಕೈಯಲ್ಲೇ ಮತ್ತೆ ಬಿಡಿಸಿ. ಆಗಲೂ 48. ಉತ್ತರ ಬದಲಾಗದಿದ್ದರೆ ಆ ಸಂಖ್ಯೆ ಬೇಕಾಗಿಯೇ ಇರಲಿಲ್ಲ. ಸುಮ್ನೆ 40, 60 ಕೂಡಿಸಿ ಅರ್ಧ ಮಾಡಿ 50 ಅಂತ ಬರೆಯುವ ಮಕ್ಕಳು ಬಹಳ. ನಿಧಾನ ಹೋದಾಗ ಹೊತ್ತು ಜಾಸ್ತಿ ಹಿಡಿಯುತ್ತದೆ, ಅದನ್ನು ಬಿಡಿಸಿ ಹೇಳಿ.

ಇನ್ನು 12 ಚೀಲ ತೊಗರಿ, ಕ್ವಿಂಟಲ್‌ಗೆ 7,500 ರೂಪಾಯಿ, ಒಟ್ಟು ಎಷ್ಟು ಬಂತು? ಇದಕ್ಕೂ ಅದೇ ಪರೀಕ್ಷೆ. ಚೀಲಕ್ಕೆ 50 ಕೆ.ಜಿ. ಅಂದರೆ 45,000, 60 ಅಂದರೆ 54,000. ಉತ್ತರ ಬದಲಾಯಿತು, ಹಾಗಾಗಿ ಚೀಲದ ತೂಕ ಬೇಕೇ ಬೇಕು. ಬಹುಶಃ ಮೇಲಿನ ಪ್ರಶ್ನೆಯಲ್ಲಿ ಕೊಟ್ಟಿರಬಹುದು, ಒಮ್ಮೆ ನೋಡಿ. ಇಲ್ಲದಿದ್ದರೆ ಅವರ ಮೇಷ್ಟ್ರನ್ನು ಕೇಳಿ. ಪರೀಕ್ಷೆಯಲ್ಲಿ ಹೀಗೆ ಬಂದರೆ "ಒಂದು ಚೀಲ 50 ಕೆ.ಜಿ. ಎಂದು ಇಟ್ಟುಕೊಂಡರೆ" ಎಂದು ಮೊದಲ ಸಾಲಲ್ಲೇ ಬರೆದು ಬಿಡಿಸಲಿ. ಅಂಕ ಎಷ್ಟು ಕೊಡುತ್ತಾರೋ ಅದು ತಿದ್ದುವವರಿಗೆ ಬಿಟ್ಟದ್ದು, ಆದರೆ ಖಾಲಿ ಬಿಡುವುದು ಬೇಡ.