ಕಾಗದದಲ್ಲಿ ನಿಮ್ಮ ಹೆಸರೂ ಇರಲಿ

ಪ್ರಶ್ನೆ: ಅಕ್ಕಾ, ನಾವು ಕುಂದಾಪುರದ ಕಡೆಯವರು, ಈಗ ಮುಂಬಯಿಯ ಭಾಂಡುಪ್‌ನ ಚಾಳಿನಲ್ಲಿದ್ದೇವೆ. ಯಜಮಾನರು ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತಾರೆ. ಮದುವೆಯಾಗಿ ಬಂದಾಗಿನಿಂದ ನಾನು ಲಿಜ್ಜತ್‌ನ ಹಪ್ಪಳ ಲಟ್ಟಿಸುತ್ತಿದ್ದೇನೆ. ಚಾಳಿನ ಈ ಖೋಲಿ (ಕೋಣೆ) ಮಾರಿ ಡೊಂಬಿವಲಿಯಲ್ಲಿ ಫ್ಲ್ಯಾಟ್ ತೆಗೆದುಕೊಳ್ಳುವುದೆಂದಾಗಿದೆ. ಅಗ್ರಿಮೆಂಟಿಗೆ ಯಜಮಾನರ ಹೆಸರು, ಮಗನ ಹೆಸರು ಕೊಟ್ಟಿದ್ದಾರೆ. ನನ್ನ ಹೆಸರೂ ಹಾಕಿ ಅಂದರೆ, ‘ನಿನ್ನನ್ನು ನಾಮಿನಿ ಮಾಡ್ತೇವಲ್ಲ, ಮನೆ ನಿನ್ನದೇ ಅಲ್ವಾ’ ಅಂತಾರೆ. ನಾನು ಕೇಳಿದ್ದು ತಪ್ಪಾಯಿತಾ?

ಉತ್ತರ: ತಪ್ಪಲ್ಲ ತಂಗಿ. ರಿಜಿಸ್ಟರ್ ಆಗುವ ಮುಂಚೆ ಕೇಳಿದ್ದೀರಲ್ಲ, ಅದು ತುಂಬ ಒಳ್ಳೆಯದಾಯಿತು.

ನಾಮಿನಿ ಎಂದರೆ ಮಾಲೀಕಳಲ್ಲ. ಯಜಮಾನರು ಇರುವಷ್ಟು ದಿನ ಆ ಕಾಗದಕ್ಕೆ ಯಾವ ಬಲವೂ ಇಲ್ಲ. ನಿಮ್ಮ ಸಹಿ ಇಲ್ಲದೆಯೇ ಮನೆ ಮಾರಬಹುದು. ಅವರ ನಂತರವೂ ಫ್ಲ್ಯಾಟಿನವರ ಹೌಸಿಂಗ್ ಸೊಸೈಟಿಯ ಲೆಕ್ಕಕ್ಕೆ ನೀವು ನೋಡಿಕೊಳ್ಳುವವರು ಅಷ್ಟೆ. ವಿಲ್ ಇಲ್ಲದಿದ್ದರೆ ಅವರ ಪಾಲು ಹೆಂಡತಿ, ಮಕ್ಕಳು ಮತ್ತು ಬದುಕಿದ್ದರೆ ಅವರ ತಾಯಿಗೆ ಸಮನಾಗಿ ಹಂಚಿಹೋಗುತ್ತದೆ. ಮಗನ ಪಾಲು ಮಗನದೇ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೆಂಡತಿಗೆ ಮನೆಯಲ್ಲಿ ವಾಸಿಸುವ ಹಕ್ಕು ಕೊಡುತ್ತದೆ, ನಿಜ. ಆದರೆ ಅದು ಇರಲು ಜಾಗ, ಒಡೆತನವಲ್ಲ.

ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡಿದವಳು ನಾನು. ಗಂಡನನ್ನು ಕಳೆದುಕೊಂಡ ಹೆಂಗಸರು ಬಟ್ಟೆ ಚೀಲದಿಂದ ಸೊಸೈಟಿಯ ಸದಸ್ಯತ್ವದ ಕಾಗದವಾದ ಶೇರ್ ಸರ್ಟಿಫಿಕೇಟ್ ತೆಗೆದು ಮೇಜಿನ ಮೇಲಿಡುತ್ತಿದ್ದರು. ಮುಂಬದಿಯಲ್ಲಿ ಗಂಡನ ಹೆಸರು. ತಿರುಗಿಸಿದರೆ ವರ್ಗಾವಣೆ ಬರೆಯುವ ಸಾಲುಗಳು, ಎಲ್ಲ ಖಾಲಿ. ‘ಕಂತು ಕಟ್ಟಲು ನನ್ನ ಬಳೆ ಮಾರಿದ್ದೆ’ ಎಂದು ಅವರು ಹೇಳುವುದನ್ನು ಬರೆದುಕೊಳ್ಳಲು ನಮ್ಮ ಫಾರಂನಲ್ಲಿ ಜಾಗ ಇರಲಿಲ್ಲ. ನಿಮಗೆ ಹಾಗಾಗುವುದು ಬೇಡ.

ಈಗ ಮಾಡಬೇಕಾದ್ದು: ಅಗ್ರಿಮೆಂಟಿನಲ್ಲಿ ಮೂವರ ಹೆಸರೂ ಬರಲಿ, ಯಾರ ಪಾಲು ಎಷ್ಟು ಎಂಬುದನ್ನೂ ಬರೆಸಿ. ಹಪ್ಪಳದ ದುಡ್ಡಿನಲ್ಲಿ ಕೂಡಿಟ್ಟದ್ದನ್ನು ನಿಮ್ಮ ಖಾತೆಯ ಚೆಕ್ಕಿನಲ್ಲೇ ಬಿಲ್ಡರ್‌ಗೆ ಕೊಡಿ. ನಾಳೆ ಅದೇ ಸಾಕ್ಷಿ. ಸಾಲ ಇದ್ದರೆ ಬ್ಯಾಂಕು ಸಾಮಾನ್ಯವಾಗಿ ನಿಮ್ಮನ್ನೂ ಸಾಲಗಾರಳನ್ನಾಗಿ ಸೇರಿಸುತ್ತದೆ, ಆ ಹೊಣೆಯನ್ನು ತಿಳಿದೇ ಸಹಿ ಹಾಕಿ. ಖರೀದಿ ಹೆಂಗಸರ ಹೆಸರಲ್ಲೇ ಆದರೆ ಮಹಾರಾಷ್ಟ್ರದಲ್ಲಿ 2021ರ ಏಪ್ರಿಲ್‌ನಿಂದ ಮುದ್ರಾಂಕ ಶುಲ್ಕ ಶೇ. 1 ಕಡಿಮೆ; 50 ಲಕ್ಷದ ಮನೆಗೆ 50,000 ರೂಪಾಯಿ ಉಳಿಯುತ್ತದೆ. ಗಂಡಸರ ಹೆಸರು ಸೇರಿದರೆ ಈ ರಿಯಾಯಿತಿ ಇಲ್ಲ. ಯಜಮಾನರಿಗೆ ಈ ಲೆಕ್ಕವನ್ನೂ ಹೇಳಿ ನೋಡಿ. ಒಂದು ವೇಳೆ ನಿಮ್ಮ ಹೆಸರಿಲ್ಲದೆ ರಿಜಿಸ್ಟರ್ ಆಗಿಹೋದರೂ ದಾರಿ ಇದೆ. ವಾಸದ ಮನೆಯನ್ನು ಗಂಡ ಹೆಂಡತಿಗೆ ದಾನಪತ್ರ ಮಾಡಿಕೊಟ್ಟರೆ ಇಲ್ಲಿ ಮುದ್ರಾಂಕ ಶುಲ್ಕ 200 ರೂಪಾಯಿ ಮಾತ್ರ. ಸ್ಥಳೀಯ ಕರ, ನೋಂದಣಿ ಖರ್ಚು ಬೇರೆ.

ಇನ್ನೊಂದು ಮಾತು. 1959ರ ಮಾರ್ಚ್‌ನಲ್ಲಿ ಗಿರಗಾಂವ್‌ನ ತಾರಸಿಯ ಮೇಲೆ ಏಳು ಗೃಹಿಣಿಯರು 80 ರೂಪಾಯಿ ಸಾಲ ತಂದು ಶುರುಮಾಡಿದ್ದು ನಿಮ್ಮ ಲಿಜ್ಜತ್. ಅಲ್ಲಿ ಲಟ್ಟಿಸುವ ಪ್ರತಿ ‘ಬೆಹನ್’ (ಸೋದರಿ) ಸಂಸ್ಥೆಯ ಒಡತಿ, ಲಾಭದಲ್ಲಿ ಪಾಲುದಾರಳು. ಅಲ್ಲಿ ಒಡತಿಯಾದವರು ಮನೆಯಲ್ಲಿ ಬರೀ ನಾಮಿನಿ ಯಾಕಾಗಬೇಕು? ‘ನಿಮ್ಮ ಮೇಲೆ ಸಂಶಯವಲ್ಲ, ನನ್ನ ದುಡಿಮೆಗೂ ಒಂದು ಗುರುತು ಬೇಕು’ ಎಂದು ಮಗನ ಎದುರೇ ಹೇಳಿ. ಅವನೂ ಕೇಳಿಸಿಕೊಳ್ಳಲಿ.

ಪ್ರಶ್ನೆ: ಪುಣೆಯ ಕೋಥ್ರೂಡ್‌ನಲ್ಲಿದ್ದೇವೆ, ಬಂಟರು. ಮೊನ್ನೆ ಮಗಳು ಹುಟ್ಟಿದಳು. ಅವಳ ಹೆಸರಿನ ಜೊತೆ ತಾಯಿಯ ಹೆಸರು ಮೊದಲು ಬರಬೇಕಂತೆ. ನನ್ನ ಅಪ್ಪನಿಗೆ ಅಸಮಾಧಾನ. ಏನು ಹೇಳಲಿ?

ಉತ್ತರ: ಅದು ಸರಕಾರದ ನಿರ್ಧಾರ. 2024ರ ಮೇ 1ರಿಂದ ಹುಟ್ಟಿದ ಮಕ್ಕಳಿಗೆ ಮಹಾರಾಷ್ಟ್ರದ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ಆಮೇಲೆ ತಂದೆಯ ಹೆಸರು, ಅಡ್ಡಹೆಸರು. ಯಾರನ್ನೂ ಕೈಬಿಟ್ಟಿಲ್ಲ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆತನದವರಲ್ಲವೇ ನಿಮ್ಮ ತಂದೆ? ಅವರ ‘ಬಳಿ’, ಅಂದರೆ ಕುಲದ ಹೆಸರು, ಅವರಿಗೆ ಯಾರಿಂದ ಬಂತು ಎಂದು ಪ್ರೀತಿಯಿಂದ ಕೇಳಿ, ತಾಯಿಯಿಂದ ಎಂದು ಅವರೇ ಹೇಳುತ್ತಾರೆ. ಫಾರಂ ತುಂಬುವಾಗ ತಾಯಿಯ ಹೆಸರಿನ ಅಕ್ಷರಗಳು ಅವರ ಆಧಾರ್‌ನಲ್ಲಿ ಇದ್ದಂತೆಯೇ ಇರಲಿ. ಮುಂದೆ ಶಾಲೆಗೆ ಸೇರಿಸುವಾಗ ಓಡಾಟ ತಪ್ಪುತ್ತದೆ.