ಹೀಟರ್ ತಂದೆವು, ಬಿಲ್ ಬಂತು

ಪ್ರಶ್ನೆ: ಮಡಿಕೇರಿಯಲ್ಲಿ ಬಾಡಿಗೆ ಮನೆ. ಗೃಹಜ್ಯೋತಿಯಿಂದ ಪ್ರತಿ ತಿಂಗಳೂ ಸೊನ್ನೆ ಬಿಲ್ ಬರುತ್ತಿತ್ತು. ಅತ್ತೆಗೆ ಮಳೆಗಾಲದ ಚಳಿ ತಡೆಯುವುದಿಲ್ಲ ಅಂತ ರೂಮ್ ಹೀಟರ್ ತಂದೆವು. ಈ ಸಲ ಪೂರ್ತಿ ಬಿಲ್ ಬಂದಿದೆ. ಯಾಕೆ ಮೇಡಂ?

ಉತ್ತರ: ಹೀಟರ್ ಹಿಂದಿನ ಚೀಟಿ ನೋಡಿದಿರಾ? 2000 ವಾಟ್ ಅಂತಿದ್ದರೆ ಗಂಟೆಗೆ 2 ಯೂನಿಟ್. ದಿನಕ್ಕೆ 4 ಗಂಟೆ ಹಾಕಿದರೆ ತಿಂಗಳಿಗೆ 240, ಅದೂ ಹೀಟರ್ ಒಂದರದ್ದೇ! ಒಟ್ಟು ಬಳಕೆ 200 ಯೂನಿಟ್ ದಾಟಿತು ಅಂದರೆ ಆ ತಿಂಗಳ ಬಿಲ್ ಪೂರ್ತಿ ನಿಮ್ಮದೇ. ಹಾಗಂತ 200ರವರೆಗೂ ಎಲ್ಲ ಉಚಿತ ಅಂದುಕೊಳ್ಳಬೇಡಿ. 2022-23ರಲ್ಲಿ ನಿಮ್ಮ ತಿಂಗಳ ಸರಾಸರಿ 70 ಇದ್ದರೆ, ಶೇ 10 ಸೇರಿಸಿ 77 ಯೂನಿಟ್ ಉಚಿತ. ಅದರ ಮೇಲಿನದ್ದಕ್ಕೆ ದುಡ್ಡು ಕಟ್ಟಲೇಬೇಕು.

ನಮ್ಮಮ್ಮನಿಗೂ ಇದೇ ಪಾಡು. ನಮ್ಮ ಹೀಟರ್ ಈಗ ಅಟ್ಟದಲ್ಲಿದೆ, ಸುಮ್ನೆ ದಂಡ! ರಾತ್ರಿ ಬಿಸಿನೀರಿನ ಬ್ಯಾಗಿಗೆ ಹಳೇ ಟವೆಲ್ ಸುತ್ತಿ ಕಾಲ ಹತ್ತಿರ ಇಡುತ್ತೇನೆ, ಮೇಲೆ ಕಂಬಳಿ. ಬಾಗಿಲ ಸಂದಿಗೆ ಸುರುಳಿ ಸುತ್ತಿದ ಹಳೇ ಸೀರೆ. ಕೆಂಡದ ಅಗ್ಗಿಷ್ಟಿಕೆ ಮಾತ್ರ ಮುಚ್ಚಿದ ಕೋಣೆಯಲ್ಲಿ ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ.